ಬ್ರಿಟನ್ ಚುನಾವಣೆಯ ರಾತ್ರಿ ಫುಟ್‌ಬಾಲ್ ಗುಂಪಿನಲ್ಲಿ ಏನು ಬರೆಯಬೇಕು, ಯಾವಾಗ ಬರೆಯಬೇಕು

ಡೊಂಬಿವಲಿಯಿಂದ ಅಂಧೇರಿಯವರೆಗೆ, ಪುಣೆಯ ಹಿಂಜೇವಾಡಿಯಿಂದ ಗೋವಾದ ವಾಸ್ಕೋವರೆಗೆ, ಆರ್ಸೆನಲ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಅಂತ ನಿದ್ದೆಗೆಟ್ಟು ಪಂದ್ಯ ನೋಡುವ ಕನ್ನಡಿಗರ ವಾಟ್ಸಾಪ್ ಗುಂಪುಗಳಿವೆ. ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಯ ಫಲಿತಾಂಶ ಬರುವ ರಾತ್ರಿ ಅಲ್ಲಿ ಡರ್ಬಿ (ನೆರೆಯ ಬದ್ಧವೈರಿ ಕ್ಲಬ್‌ಗಳ ಪಂದ್ಯ) ದಿನದಷ್ಟೇ ಮೆಸೇಜು ಬೀಳುತ್ತವೆ. ಅರ್ಧಕ್ಕರ್ಧ ತಪ್ಪು ಇರುತ್ತವೆ. ಎಕ್ಸಿಟ್ ಪೋಲನ್ನೇ ಫಲಿತಾಂಶ ಅಂದುಕೊಳ್ಳುವುದು, ಕ್ಲಬ್ಬಿಗೊಂದು ಪಕ್ಷ ಅಂಟಿಸುವುದು, ಯಾರದೋ ದುರಂತವನ್ನು ಹಂಗಿಸುವ ಹಾಡನ್ನು ಅರ್ಥ ತಿಳಿಯದೆ ಫಾರ್ವರ್ಡ್ ಮಾಡುವುದು, ಇವು ಪ್ರತಿ ಸಲವೂ ಆಗುತ್ತವೆ. ಇವನ್ನು ತಪ್ಪಿಸಲು ಬೇಕಾದ ತಿಳಿವಳಿಕೆ ದೊಡ್ಡದೇನಲ್ಲ. ಕೆಳಗಿನ ಲೆಕ್ಕಗಳಿಗೆಲ್ಲ 2024ರ ಜುಲೈ 4ರ ಚುನಾವಣೆಯೇ ಮಾದರಿ.

ಮೊದಲು ಗಡಿಯಾರ

ಬ್ರಿಟನ್ನಿನಲ್ಲಿ ಮತದಾನ ರೂಢಿಯಂತೆ ಗುರುವಾರ ನಡೆಯುತ್ತದೆ, ಅಲ್ಲಿನ ರಾತ್ರಿ 10ಕ್ಕೆ ಮುಗಿಯುತ್ತದೆ. ಬೇಸಿಗೆಯಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಆದ್ದರಿಂದ 2024ರಲ್ಲಿ ಎಕ್ಸಿಟ್ ಪೋಲ್ ನಮಗೆ ಶುಕ್ರವಾರ ಬೆಳಗಿನ ಜಾವ 2:30ಕ್ಕೆ ಬಂತು. 2019ರ ಚುನಾವಣೆ ಡಿಸೆಂಬರ್‌ನಲ್ಲಿ ಇದ್ದದ್ದರಿಂದ 3:30 ಆಗಿತ್ತು. ಚಾಂಪಿಯನ್ಸ್ ಲೀಗ್ ನೋಡುವವರಿಗೆ ಈ ವ್ಯತ್ಯಾಸ ಹೊಸದಲ್ಲ. ಮಾರ್ಚ್ ಕೊನೆಯಲ್ಲಿ ಪಂದ್ಯದ ಸಮಯ 1:30ರಿಂದ 12:30ಕ್ಕೆ ಸರಿಯುವುದೂ ಇದೇ ಕಾರಣಕ್ಕೆ.

2:30ರಿಂದ 6ರವರೆಗೆ ಹನಿಹನಿಯಾಗಿ ಫಲಿತಾಂಶ ಬರುತ್ತದೆ. ನಿಜವಾದ ಮಳೆ ಸುರಿಯುವುದು ನಮ್ಮ ಬೆಳಿಗ್ಗೆ 7ರಿಂದ 9:30ರ ನಡುವೆ. ರಾತ್ರಿಯಿಡೀ ಎದ್ದಿರಬೇಕಾದ ಅಗತ್ಯ ಯಾರಿಗೂ ಇಲ್ಲ. 2:30ಕ್ಕೆ ಎದ್ದು ಎಕ್ಸಿಟ್ ಪೋಲ್ ನೋಡಿ, ಮಲಗಿ, 6:30ಕ್ಕೆ ಮತ್ತೆ ಏಳಿ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಮುಖ್ಯ ಕ್ಷೇತ್ರಗಳು ಸಾಲಾಗಿ ಬರುತ್ತಿರುತ್ತವೆ. 2024ರಲ್ಲಿ ಆಗಿನ ಪ್ರಧಾನಿ, ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್ ಸೋಲೊಪ್ಪಿಕೊಂಡದ್ದು ನಮ್ಮ 9 ಗಂಟೆ ದಾಟಿದ ಮೇಲೆ. ಲೇಬರ್ ಪಕ್ಷ ಬಹುಮತಕ್ಕೆ ಬೇಕಾದ 326 ಮುಟ್ಟಿದ್ದು 9:30ರ ಸುಮಾರಿಗೆ, ಅಂದರೆ ಅರ್ಧ ಗುಂಪು ಲೋಕಲ್ ಟ್ರೈನಿನಲ್ಲಿ ನಿಂತಿದ್ದಾಗ. ಟ್ರೈನಿನಲ್ಲಿ ವಿಡಿಯೊ ನಂಬಿಕೊಳ್ಳಬೇಡಿ. ಜುಲೈ ಮಳೆಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಬರಹದ ಲೈವ್ ಪುಟ ಕಡಿಮೆ ಡೇಟಾದಲ್ಲಿ ತೆರೆಯುತ್ತದೆ, ವಿಡಿಯೊಗಿಂತ ಬೇಗ ಹೊಸದಾಗುತ್ತದೆ.

ಎಕ್ಸಿಟ್ ಪೋಲ್ ಓದುವ ಕ್ರಮ

ಬಿಬಿಸಿ, ಐಟಿವಿ, ಸ್ಕೈ ಮೂರೂ ಸೇರಿ ಒಂದೇ ಎಕ್ಸಿಟ್ ಪೋಲ್ ಮಾಡಿಸುತ್ತವೆ. ನೂರಮೂವತ್ತರ ಆಸುಪಾಸು ಮತಗಟ್ಟೆಗಳ ಹೊರಗೆ, ಮತ ಹಾಕಿ ಬಂದವರ ಕೈಗೆ ನಕಲಿ ಮತಪತ್ರ ಕೊಟ್ಟು, ಈಗ ಹಾಕಿದ್ದನ್ನೇ ಇನ್ನೊಮ್ಮೆ ಗುಟ್ಟಾಗಿ ಹಾಕಿ ಅನ್ನುತ್ತಾರೆ. ಆದಷ್ಟೂ ಹಿಂದಿನ ಸಲದ ಮತಗಟ್ಟೆಗಳಿಗೇ ಹೋಗುತ್ತಾರೆ. ಅವರಿಗೆ ಬೇಕಿರುವುದು ಯಾರಿಗೆ ಎಷ್ಟು ಮತ ಅನ್ನುವುದಕ್ಕಿಂತ, ಹಿಂದಿನ ಸಲಕ್ಕಿಂತ ಎಷ್ಟು ಬದಲಾಗಿದೆ ಅನ್ನುವುದು. ನಮ್ಮಲ್ಲಿ ಹತ್ತು ಚಾನೆಲ್ಲಿಗೆ ಹತ್ತು ಎಕ್ಸಿಟ್ ಪೋಲ್ ನೋಡಿ ಬೇಸತ್ತವರು ಇದನ್ನೂ ಹಾಗೇ ತಳ್ಳಿಹಾಕುತ್ತಾರೆ. ಹಾಗೆ ಮಾಡಬಾರದು, ಕಣ್ಣುಮುಚ್ಚಿ ನಂಬಲೂಬಾರದು.

2024ರಲ್ಲಿ ಎಕ್ಸಿಟ್ ಪೋಲ್ ಲೇಬರ್‌ಗೆ 410 ಅಂದಿತು, ಬಂದದ್ದು 411. ಕನ್ಸರ್ವೇಟಿವ್‌ಗೆ 131 ಅಂದಿತು, ಬಂದದ್ದು 121. ಲಿಬರಲ್ ಡೆಮಾಕ್ರಾಟರಿಗೆ 61 ಅಂದಲ್ಲಿ 72 ಬಂತು. ರಿಫಾರ್ಮ್ ಯುಕೆಗೆ 13 ಅಂದದ್ದು 5ಕ್ಕೆ ಇಳಿಯಿತು. ದೊಡ್ಡ ಪಕ್ಷದ ಒಟ್ಟು ಸಂಖ್ಯೆ ನಿಲ್ಲುತ್ತದೆ, ಚಿಕ್ಕ ಪಕ್ಷದ ಸಂಖ್ಯೆ ಜಾರುತ್ತದೆ. ಚಿಕ್ಕ ಪಕ್ಷ ಹಲವು ಕಡೆ ಕೂದಲೆಳೆಯಲ್ಲಿ ಎರಡನೆಯದಾಗುತ್ತದೆ, ಆ ಕೂದಲೆಳೆ ಮಾದರಿ ಸಮೀಕ್ಷೆಗೆ ಕಾಣುವುದಿಲ್ಲ. ಹಾಗಾಗಿ 2:30ಕ್ಕೆ ಬರೆಯುವ ಮೆಸೇಜಿನಲ್ಲಿ ಸರ್ಕಾರ ಯಾರದ್ದು ಅನ್ನುವುದಕ್ಕೆ ಮಾತ್ರ ಧೈರ್ಯ ಮಾಡಿ, ಉಳಿದದ್ದಕ್ಕೆ ಬೆಳಗಿನವರೆಗೆ ಕಾಯಿರಿ.

2:30ಕ್ಕೆ ಮುಂಚೆ ಎಕ್ಸಿಟ್ ಪೋಲ್ ಅಂತ ಯಾವ ಚಿತ್ರ ಬಂದರೂ ಅದು ಸುಳ್ಳು. ಮತದಾನ ಮುಗಿಯುವ ಮೊದಲು ಅದನ್ನು ಪ್ರಕಟಿಸುವುದು ಅಲ್ಲಿನ ಕಾನೂನಿನ ಪ್ರಕಾರ ಅಪರಾಧ. ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಅಂಥದೇ ನಿಷೇಧವಿದೆ.

ಮೊದಲ ಫಲಿತಾಂಶ: ಉತ್ತರ ಇಂಗ್ಲೆಂಡಿನ ಡರ್ಬಿ

ಫುಟ್‌ಬಾಲ್ ಅಭಿಮಾನಿಗೆ ಚುನಾವಣಾ ರಾತ್ರಿಯ ಅತಿ ಸೊಗಸಾದ ಗಂಟೆ ಇದು. ಸಂಡರ್ಲ್ಯಾಂಡ್ ಮತ್ತು ನ್ಯೂಕ್ಯಾಸಲ್ ಮೈದಾನದಲ್ಲಿ ಬದ್ಧವೈರಿಗಳು, ಮತ ಎಣಿಕೆಯಲ್ಲೂ ಬದ್ಧವೈರಿಗಳು. ದೇಶದಲ್ಲೇ ಮೊದಲ ಫಲಿತಾಂಶ ಘೋಷಿಸುವ ಹೆಮ್ಮೆ ಯಾರಿಗೆ ಅನ್ನುವುದೇ ಪೈಪೋಟಿ. 2001ರಲ್ಲಿ ಸಂಡರ್ಲ್ಯಾಂಡ್ ಸೌತ್ ಕ್ಷೇತ್ರ ಮತದಾನ ಮುಗಿದ 43 ನಿಮಿಷಕ್ಕೆ ಫಲಿತಾಂಶ ಕೊಟ್ಟು ದಾಖಲೆ ಮಾಡಿತು. 2017ರಲ್ಲೂ 2019ರಲ್ಲೂ ನ್ಯೂಕ್ಯಾಸಲ್ ಸೆಂಟ್ರಲ್ ಆ ಪಟ್ಟ ಕಿತ್ತುಕೊಂಡಿತು. 2024ರಲ್ಲಿ ಹೌಟನ್ ಅಂಡ್ ಸಂಡರ್ಲ್ಯಾಂಡ್ ಸೌತ್ ರಾತ್ರಿ 11:15ಕ್ಕೆ, ನಮ್ಮ 3:45ಕ್ಕೆ, ಅದನ್ನು ಮರಳಿ ಗೆದ್ದಿತು. ಮತಪೆಟ್ಟಿಗೆ ಹೊತ್ತ ವಾಹನ ಬಾಗಿಲಿಗೆ ಬರುತ್ತಿದ್ದಂತೆ ಕಾಲೇಜು ಹುಡುಗ ಹುಡುಗಿಯರು ಸಾಲಾಗಿ ನಿಂತು, ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತ ಎಣಿಕೆಯ ಮೇಜಿನತ್ತ ಓಡುತ್ತಾರೆ. ಅಲ್ಲಿ ಇವಿಎಂ ಇಲ್ಲ. ಕಾಗದ, ಪೆನ್ಸಿಲ್ ಗುರುತು, ಕೈ ಎಣಿಕೆ. ಆ ಓಟದ ದೃಶ್ಯವನ್ನು ಗುಂಪಿಗೆ ಹಾಕಿ, ಎಲ್ಲರಿಗೂ ಖುಷಿಯಾಗುತ್ತದೆ.

ಆದರೆ ಆ ಒಂದು ಕ್ಷೇತ್ರ ಹಿಡಿದು ದೇಶದ ಭವಿಷ್ಯ ಹೇಳಬೇಡಿ. ಮೊದಲು ಬರುವ ಕ್ಷೇತ್ರಗಳು ಹೆಚ್ಚಾಗಿ ನಗರದವು, ಲೇಬರ್‌ನ ಗಟ್ಟಿ ನೆಲೆಗಳು. ಅಲ್ಲಿ ನೋಡಬೇಕಾದ್ದು ಗೆದ್ದವರನ್ನಲ್ಲ, ಎರಡನೆಯ ಸ್ಥಾನದಲ್ಲಿ ಯಾರಿದ್ದಾರೆ ಎಂಬುದನ್ನು. 2024ರಲ್ಲಿ ಅಲ್ಲಿ ಎರಡನೆಯದಾಗಿ ಬಂದದ್ದು ರಿಫಾರ್ಮ್, ಕನ್ಸರ್ವೇಟಿವ್ ಅಲ್ಲ. ಇಡೀ ರಾತ್ರಿಯ ಕತೆ ಅಲ್ಲೇ ಕಾಣಿಸಿತ್ತು.

ಸಂಖ್ಯೆಗಳು ಎಲ್ಲಿ ಜಗಳ ಹಚ್ಚುತ್ತವೆ

ಒಟ್ಟು 650 ಕ್ಷೇತ್ರ, ಬಹುಮತಕ್ಕೆ 326. ಉತ್ತರ ಐರ್ಲೆಂಡಿನ ಶಿನ್ ಫೇನ್ ಪಕ್ಷದವರು ಗೆದ್ದರೂ ಸಂಸತ್ತಿನಲ್ಲಿ ಕೂರುವುದಿಲ್ಲ, ಆದ್ದರಿಂದ ವ್ಯವಹಾರದಲ್ಲಿ ಅದಕ್ಕಿಂತ ತುಸು ಕಡಿಮೆಯೇ ಸಾಕು. 2024ರಲ್ಲಿ ಅವರು 7 ಮಂದಿ ಗೆದ್ದಿದ್ದರು.

ಲೇಬರ್‌ಗೆ 411 ಅಂತ ಒಬ್ಬರು, 412 ಅಂತ ಇನ್ನೊಬ್ಬರು ಬರೆದಾಗ ಇಬ್ಬರೂ ಸರಿ. ಸ್ಪೀಕರ್ ಅವರನ್ನು ಲೇಬರ್ ಲೆಕ್ಕಕ್ಕೆ ಸೇರಿಸಿದರೆ 412, ಬಿಟ್ಟರೆ 411. ಬಿಬಿಸಿ ಸೇರಿಸಿ ಹೇಳುತ್ತದೆ. 412ರಿಂದ ಉಳಿದ 238 ಕಳೆದರೆ 174, ಅದೇ ಸರ್ಕಾರದ ಮೆಜಾರಿಟಿ. ಕ್ಷೇತ್ರದ ಮಟ್ಟದಲ್ಲಿ ಮೆಜಾರಿಟಿ ಅಂದರೆ ಗೆದ್ದವರಿಗೂ ಎರಡನೆಯವರಿಗೂ ನಡುವಿನ ಮತಗಳ ಅಂತರ. ಗುಂಪಿನಲ್ಲಿ ಬರೆಯುವಾಗ ಕ್ಷೇತ್ರಕ್ಕೆ ಅಂತರ ಅನ್ನಿ, ಸರ್ಕಾರಕ್ಕೆ ಬಹುಮತ ಅನ್ನಿ, ಗೊಂದಲ ಹೋಗುತ್ತದೆ. ಹೋಲ್ಡ್ ಅಂದರೆ ಪಕ್ಷ ತನ್ನ ಸ್ಥಾನ ಉಳಿಸಿಕೊಂಡಿತು, ಗೇನ್ ಅಂದರೆ ಬೇರೆಯವರಿಂದ ಕಿತ್ತುಕೊಂಡಿತು.

ಫುಟ್‌ಬಾಲ್ ಭಾಷೆ ದಾರಿ ತಪ್ಪಿಸುವುದು ಮತಪ್ರಮಾಣದ ವಿಷಯದಲ್ಲಿ. ದೇಶದ ಒಟ್ಟು ಮತ ಎರಡು ಪಂದ್ಯಗಳ (ಲೆಗ್) ಗೋಲು ಕೂಡಿಸಿದ ಅಗ್ರಿಗೇಟ್ ಸ್ಕೋರ್ ಅಲ್ಲ. ಪ್ರತಿ ಕ್ಷೇತ್ರ ಒಂದು ಪ್ರತ್ಯೇಕ ಪಂದ್ಯ. 1–0ಗೂ ಒಂದೇ ಸ್ಥಾನ, 7–0ಗೂ ಒಂದೇ ಸ್ಥಾನ. 2024ರಲ್ಲಿ ಲೇಬರ್‌ಗೆ ಬಂದದ್ದು ಶೇ 33.7 ಮತ, ಸುಮಾರು 97 ಲಕ್ಷ. 2019ರಲ್ಲಿ ಜೆರೆಮಿ ಕಾರ್ಬಿನ್ ನಾಯಕತ್ವದಲ್ಲಿ ಅದೇ ಪಕ್ಷ ಒಂದು ಕೋಟಿಗೂ ಮಿಕ್ಕಿ ಮತ ಪಡೆದು 202 ಸ್ಥಾನಕ್ಕೆ ಕುಸಿದಿತ್ತು. ರಿಫಾರ್ಮ್ ಶೇ 14.3 ಮತಕ್ಕೆ 5 ಸ್ಥಾನ ಪಡೆದರೆ, ಲಿಬರಲ್ ಡೆಮಾಕ್ರಾಟರು ಶೇ 12.2ಕ್ಕೆ 72 ಪಡೆದರು. ಒಬ್ಬರ ಮತ ದೇಶದ ತುಂಬ ಚೆಲ್ಲಿತ್ತು, ಇನ್ನೊಬ್ಬರದು ಬೇಕಾದ ಕಡೆ ಗುಡ್ಡೆ ಬಿದ್ದಿತ್ತು. ಇದೇನು ಅನ್ಯಾಯ ಅಂತ ಯಾರಾದರೂ ಕೇಳಿದರೆ, ನಮ್ಮ ಲೋಕಸಭೆಗೂ ಇದೇ ಪದ್ಧತಿ ಅಂತ ನೆನಪಿಸಿ. 2014ರಲ್ಲಿ ಬಿಜೆಪಿ ಸುಮಾರು ಶೇ 31 ಮತಕ್ಕೆ 282 ಸ್ಥಾನ ಪಡೆದದ್ದೂ ಹೀಗೆಯೇ.

ಕನ್ನಡ ಗುಂಪುಗಳಲ್ಲಿ ಮಾತ್ರ ಆಗುವ ಒಂದು ತಪ್ಪಿದೆ. ಸುನಕ್ ಅವರ ಪತ್ನಿ ಅಕ್ಷತಾ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹಾಗಾಗಿ ನಮ್ಮವರಿಗೆ ಅವರು ಹುಬ್ಬಳ್ಳಿ ಅಳಿಯ. ಅಳಿಯ ಸೋತರು ಅಂತ ಬರೆಯುವ ಮುನ್ನ ನೋಡಿ: ಯಾರ್ಕ್‌ಷೈರಿನ ತಮ್ಮ ಸ್ವಂತ ಕ್ಷೇತ್ರ ರಿಚ್ಮಂಡ್ ಅಂಡ್ ನಾರ್ತ್ಅಲರ್ಟನ್ ಅನ್ನು ಅವರು ಹನ್ನೆರಡು ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಸೋತದ್ದು ಅವರ ಪಕ್ಷ. ತಮ್ಮ ಕ್ಷೇತ್ರವನ್ನೇ ಕಳೆದುಕೊಂಡ ಮಾಜಿ ಪ್ರಧಾನಿ ಲಿಜ್ ಟ್ರಸ್, ಅದೂ 630 ಮತಗಳಿಂದ.

ನಿಮ್ಮ ಕ್ಲಬ್ಬಿನ ಕ್ಷೇತ್ರ ಹುಡುಕಿ

650ನ್ನೂ ಹಿಂಬಾಲಿಸಲು ಆಗುವುದಿಲ್ಲ. ಗುಂಪಿನ ಪ್ರತಿಯೊಬ್ಬರೂ ತಮ್ಮ ಕ್ಲಬ್ಬಿನ ಮೈದಾನ ಇರುವ ಒಂದು ಕ್ಷೇತ್ರ ವಹಿಸಿಕೊಳ್ಳಲಿ. ಮೈದಾನದ ಪೋಸ್ಟ್‌ಕೋಡ್ ಕ್ಲಬ್ಬಿನ ಜಾಲತಾಣದಲ್ಲಿರುತ್ತದೆ, ಅದನ್ನು ಬ್ರಿಟಿಷ್ ಸಂಸತ್ತಿನ ಜಾಲತಾಣದ ಹುಡುಕುವ ಜಾಗದಲ್ಲಿ ಹಾಕಿದರೆ ಕ್ಷೇತ್ರದ ಹೆಸರು ಬರುತ್ತದೆ. ಹಿಂದಿನ ದಿನವೇ ಮಾಡಿಡಿ. ಹೆಸರು ನೋಡಿ ಊಹಿಸಿದರೆ ಎಡವುತ್ತೀರಿ: ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್ ಇರುವುದು ಮ್ಯಾಂಚೆಸ್ಟರ್ ಹೆಸರಿನ ಯಾವ ಕ್ಷೇತ್ರದಲ್ಲೂ ಅಲ್ಲ, ಸ್ಟ್ರೆಟ್‌ಫರ್ಡ್ ಅಂಡ್ ಅರ್ಮ್‌ಸ್ಟನ್‌ನಲ್ಲಿ. ಟಾಟನಂ ಕ್ಷೇತ್ರದ ಸಂಸದ ಡೇವಿಡ್ ಲ್ಯಾಮಿ ಸ್ವತಃ ಸ್ಪರ್ಸ್ (ಟಾಟನಂ ಕ್ಲಬ್) ಅಭಿಮಾನಿ.

2024ರಲ್ಲಿ ರೋಮಾಂಚನ ಇದ್ದದ್ದು ಚೆಲ್ಸಿ ಕ್ಲಬ್ಬಿನ ಮೈದಾನ ಸ್ಟ್ಯಾಂಫರ್ಡ್ ಬ್ರಿಡ್ಜ್ ಇರುವ ಚೆಲ್ಸಿ ಅಂಡ್ ಫುಲಂ ಕ್ಷೇತ್ರದಲ್ಲಿ. ಕನ್ಸರ್ವೇಟಿವ್ ಕೈಯಿಂದ ಲೇಬರ್ ಅದನ್ನು ಕಿತ್ತುಕೊಂಡದ್ದು ಬರೀ 152 ಮತಗಳಿಂದ. ಹೆಂಡನ್‌ನಲ್ಲಿ ಅಂತರ 15. ಇಂಥ ಕಡೆ ಮರುಎಣಿಕೆ ಕೇಳುತ್ತಾರೆ, ಗಂಟೆಗಟ್ಟಲೆ ತಡವಾಗುತ್ತದೆ. ರಿಟರ್ನಿಂಗ್ ಆಫೀಸರ್ ವೇದಿಕೆ ಹತ್ತಿ ಎಲ್ಲ ಅಭ್ಯರ್ಥಿಗಳ ಹೆಸರು, ಮತ ಓದಿ ಮುಗಿಸುವವರೆಗೆ ಫಲಿತಾಂಶ ಇಲ್ಲ. ಸಭಾಂಗಣದ ಮೂಲೆಯಿಂದ ವರದಿಗಾರರು ಹೇಳುವ ಸುದ್ದಿ ಸುದ್ದಿ ಮಾತ್ರ.

ಕ್ಲಬ್ ಬೇರೆ, ಪಕ್ಷ ಬೇರೆ

2024ರಲ್ಲಿ ಲೇಬರ್ ನಾಯಕರಾಗಿ ಗೆದ್ದ ಕಿಯರ್ ಸ್ಟಾರ್ಮರ್ ಆರ್ಸೆನಲ್ ಅಭಿಮಾನಿ ನಿಜ. 2024ರಲ್ಲಿ ಲೇಬರ್ ವಿರುದ್ಧ ಪಕ್ಷೇತರನಾಗಿ ನಿಂತು ಇಸ್ಲಿಂಗ್ಟನ್ ನಾರ್ತ್ ಗೆದ್ದ ಕಾರ್ಬಿನ್ ಕೂಡ ಆರ್ಸೆನಲ್ ಅಭಿಮಾನಿಯೇ. ಗನ್ನರ್ಸ್ (ಆರ್ಸೆನಲ್‌ನವರ ಅಡ್ಡಹೆಸರು) ಗೆದ್ದರು ಅಂದರೆ ಯಾವ ಗನ್ನರ್? ಸುನಕ್ ಹುಟ್ಟೂರಿನ ಸೌತಾಂಪ್ಟನ್ ಕಡೆ. ರಾಜಕಾರಣಿಗಳ ಫುಟ್‌ಬಾಲ್ ಪ್ರೀತಿಯನ್ನೂ ಎಚ್ಚರದಿಂದ ನೋಡಿ. ತಮ್ಮ ಕ್ಲಬ್ ಆಸ್ಟನ್ ವಿಲ್ಲಾ ಅನ್ನುತ್ತಿದ್ದ ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ 2015ರ ಪ್ರಚಾರದಲ್ಲಿ ವೆಸ್ಟ್ ಹ್ಯಾಂ ಅಂದುಬಿಟ್ಟಿದ್ದರು. 2024ರ ಮೇನಲ್ಲಿ ವೇಲ್ಸ್‌ನ ಕಾರ್ಮಿಕರನ್ನು ಸುನಕ್ ಯೂರೋ (ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿ) ಪಂದ್ಯಗಳ ಬಗ್ಗೆ ವಿಚಾರಿಸಿದರು, ವೇಲ್ಸ್ ಅರ್ಹತೆಯನ್ನೇ ಪಡೆದಿರಲಿಲ್ಲ. ಒಂದು ಸಂಸತ್ತು, ನಾಲ್ಕು ರಾಷ್ಟ್ರೀಯ ತಂಡ ಎಂಬುದನ್ನು ನಮ್ಮ ಗುಂಪುಗಳೂ ಮರೆಯುತ್ತವೆ. ಇಂಗ್ಲೆಂಡ್ ಚುನಾವಣೆ ಅಂತ ಬರೆದರೆ ಸ್ಕಾಟ್ಲೆಂಡಿನವರಿಗೆ ನೋಯುತ್ತದೆ.

ಇಂಗ್ಲೆಂಡ್ ವಿಶ್ವಕಪ್ ಗೆಲ್ಲುವುದು ಲೇಬರ್ ಕಾಲದಲ್ಲಿ ಮಾತ್ರ ಎಂಬ ಮಾತು ಪ್ರತಿ ಸಲ ಬರುತ್ತದೆ. ಪುರುಷರ ತಂಡ ಗೆದ್ದದ್ದೇ ಒಮ್ಮೆ, 1966ರಲ್ಲಿ. ಮಹಿಳೆಯರ ತಂಡ 2022ರ ಯೂರೋ ಗೆದ್ದಾಗ ಕನ್ಸರ್ವೇಟಿವ್ ಸರ್ಕಾರ, 2025ರಲ್ಲಿ ಗೆದ್ದಾಗ ಲೇಬರ್ ಸರ್ಕಾರ. ಇದಕ್ಕಿಂತ ಗಂಭೀರವಾದ ಚರ್ಚೆ 1970ರದ್ದು. ಜೂನ್ 14ರಂದು ಮೆಕ್ಸಿಕೋದ ಲಿಯೋನ್‌ನಲ್ಲಿ ಎರಡು ಗೋಲು ಮುಂದಿದ್ದ ಇಂಗ್ಲೆಂಡ್ ಪಶ್ಚಿಮ ಜರ್ಮನಿಗೆ 3–2ರಿಂದ ಸೋತಿತು. ಗೋಲ್‌ಕೀಪರ್ ಗೋರ್ಡನ್ ಬ್ಯಾಂಕ್ಸ್ ಹೊಟ್ಟೆ ಕೆಟ್ಟು ಹೊರಗಿದ್ದರು. ನಾಲ್ಕೇ ದಿನಕ್ಕೆ, ಜೂನ್ 18ರಂದು, ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರ್ಕಾರ ಅನಿರೀಕ್ಷಿತವಾಗಿ ಬಿತ್ತು. ಆ ಸೋಲೇ ಕಾರಣ ಅನ್ನುವವರು ಇಂದಿಗೂ ಇದ್ದಾರೆ. ಆದರೆ ಅದೇ ವಾರ ವಿದೇಶಿ ವ್ಯಾಪಾರದ ಕೊರತೆಯ ಅಂಕಿಅಂಶವೂ ಹೊರಬಿದ್ದಿತ್ತು. ಎರಡನ್ನೂ ಹೇಳಿ, ತೀರ್ಪು ಕೊಡಬೇಡಿ.

ಫುಟ್‌ಬಾಲಿಗೆ ನಿಜಕ್ಕೂ ತಟ್ಟುವುದು ಯಾವುದು

ಗುಂಪಿನ ಚರ್ಚೆಗೆ ತೂಕ ಬರುವುದು ಇಲ್ಲಿ. 2021ರ ಏಪ್ರಿಲ್‌ನಲ್ಲಿ ಆರು ಇಂಗ್ಲಿಷ್ ಕ್ಲಬ್‌ಗಳು ದೊಡ್ಡ ಕ್ಲಬ್‌ಗಳದ್ದೇ ಪ್ರತ್ಯೇಕ ಟೂರ್ನಿಯಾದ ಯುರೋಪಿಯನ್ ಸೂಪರ್ ಲೀಗ್ ಸೇರಲು ಹೊರಟು, ಅಭಿಮಾನಿಗಳು ಬೀದಿಗಿಳಿದ ಮೇಲೆ ಎರಡೇ ದಿನದಲ್ಲಿ ಹಿಂದೆ ಸರಿದವು. ಆಗ ಕನ್ಸರ್ವೇಟಿವ್ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ಅಭಿಮಾನಿಗಳ ದೃಷ್ಟಿಯ ಪರಿಶೀಲನೆ ನಡೆಯಿತು, ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕ ಸಂಸ್ಥೆ ಬೇಕು ಎಂದಿತು. 2024ರ ಮಾರ್ಚ್‌ನಲ್ಲಿ ಮಸೂದೆ ಬಂತು. ಮೇನಲ್ಲಿ ಚುನಾವಣೆ ಘೋಷಣೆಯಾಗಿ ಸಂಸತ್ತು ವಿಸರ್ಜನೆಗೊಂಡಾಗ ಅದು ಬಿದ್ದುಹೋಯಿತು. ಲೇಬರ್ ಸರ್ಕಾರ ಅಕ್ಟೋಬರ್‌ನಲ್ಲಿ ಹೊಸದಾಗಿ ತಂದು, 2025ರ ಜುಲೈಯಲ್ಲಿ ಅದು ಕಾಯ್ದೆಯಾಯಿತು. ಮೇಲಿನ ಐದು ಹಂತಗಳ ಕ್ಲಬ್‌ಗಳಿಗೆ ಪರವಾನಗಿ, ಮಾಲೀಕರ ಪರೀಕ್ಷೆ, ಮೈದಾನ ಮಾರಾಟಕ್ಕೆ ಅಡ್ಡಿ, ಒಡೆದು ಹೋಗುವ ಲೀಗ್‌ಗೆ ತಡೆ ಎಲ್ಲ ಅದರಲ್ಲಿವೆ. 2019ರಲ್ಲಿ ಬ್ಯುರಿ ಕ್ಲಬ್ ಹಣದ ಬಿಕ್ಕಟ್ಟಿನಿಂದ ಲೀಗಿನಿಂದಲೇ ಹೊರಬಿದ್ದದ್ದು ನೋಡಿದವರಿಗೆ ಇದರ ಬೆಲೆ ಗೊತ್ತು.

ವರ್ಗಾವಣೆ ನಿಯಮ ಮರುದಿನವೇ ಬದಲಾಗುತ್ತದೆ ಅನ್ನುವ ಮೆಸೇಜನ್ನು ನಂಬಬೇಡಿ. ಬ್ರೆಕ್ಸಿಟ್ ನಂತರ, 2021ರ ಜನವರಿಯಿಂದ, ಯುರೋಪಿನ ಆಟಗಾರರಿಗೂ ಅಂಕ ಆಧರಿಸಿದ ಅನುಮೋದನೆ ಬೇಕು, 18ಕ್ಕಿಂತ ಚಿಕ್ಕ ವಿದೇಶಿ ಹುಡುಗರನ್ನು ಇಂಗ್ಲಿಷ್ ಕ್ಲಬ್‌ಗಳು ಕೊಳ್ಳುವಂತಿಲ್ಲ. 2023ರಲ್ಲಿ ಅದು ಸಡಿಲವಾದದ್ದು ಕನ್ಸರ್ವೇಟಿವ್ ಕಾಲದಲ್ಲೇ, ಯಾವ ಚುನಾವಣೆಯೂ ಇಲ್ಲದೆ.

ಗೋವಾದವರಿಗೆ ಒಂದು ಮಾತು. ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು ಸ್ವಿಂಡನ್‌ನಲ್ಲಿ ನೆಲೆಸಿದ ಗೋವಾ ಗೆಳೆಯ ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಭಾರತದ ಪಾಸ್‌ಪೋರ್ಟ್, ವೀಸಾ ಹಿಡಿದು ಮ್ಯಾಂಚೆಸ್ಟರ್‌ನಲ್ಲಿ ಓದುವ ಧಾರವಾಡದ ಹುಡುಗಿ, 18 ತುಂಬಿ ಹೆಸರು ನೋಂದಾಯಿಸಿದ್ದರೆ, ಹಾಕಬಹುದು. ಕಾಮನ್‌ವೆಲ್ತ್ ಪ್ರಜೆಗಳಿಗೆ ಆ ಹಕ್ಕಿದೆ. ಅಂಥವರು ಗುಂಪಿನಲ್ಲಿದ್ದರೆ ಅವರ ಮಾತಿಗೆ ಮೊದಲ ಜಾಗ ಕೊಡಿ.

ಮೆಸೇಜು ಬರೆಯುವುದು

ನಾಲ್ಕು ಸಂಗತಿ ಇರಲಿ: ಭಾರತದ ಸಮಯ, ಹಂತ, ಸಂಖ್ಯೆ, ಯಾರು ಹೇಳಿದ್ದು. ಆಮೇಲೆ ನಿಮ್ಮ ಮಾತು. ಹೀಗೆ: "ಬೆಳಿಗ್ಗೆ 2:30, ಎಕ್ಸಿಟ್ ಪೋಲ್, ಬಿಬಿಸಿ: ಲೇಬರ್ 410, ಕನ್ಸರ್ವೇಟಿವ್ 131. ಅಂದಾಜು ಮಾತ್ರ. ನಿಯಂತ್ರಕ ಮಸೂದೆ ಮತ್ತೆ ಬರುವ ಸಾಧ್ಯತೆ ಹೆಚ್ಚಿತು." ಅಥವಾ: "ಚೆಲ್ಸಿ ಅಂಡ್ ಫುಲಂ, ಘೋಷಿತ: ಲೇಬರ್ ಗೇನ್, ಅಂತರ 152. ನಮ್ಮ ಮೈದಾನದ ಕ್ಷೇತ್ರ, ಎದೆ ಬಾಯಿಗೆ ಬಂತು." ಬರೀ ಬೆಂಕಿಯ ಇಮೋಜಿ ಹಾಕಿದರೆ ಬೆಳಿಗ್ಗೆ ಎದ್ದು ಓದುವವನಿಗೆ ಏನೂ ಸಿಗುವುದಿಲ್ಲ.

ಅಡ್ಮಿನ್ ಒಂದು ಮೆಸೇಜನ್ನು ಪಿನ್ ಮಾಡಿ ಅದರಲ್ಲೇ ಸಂಖ್ಯೆ ಬದಲಿಸುತ್ತ ಹೋಗೋಣ ಅಂದುಕೊಂಡರೆ ಕೈಕೊಡುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದ ನಂತರ ತಿದ್ದಲು ಆಗುವುದಿಲ್ಲ. ಗಂಟೆಗೊಂದು ಹೊಸ ಮೆಸೇಜು ಹಾಕಿ ಅದನ್ನು ಪಿನ್ ಮಾಡಿ, ಹಳೆಯದನ್ನು ತೆಗೆಯಿರಿ. ಜೋಡಿ ಬಾಣದ ಗುರುತಿರುವ, ಹಲವು ಸಲ ಫಾರ್ವರ್ಡ್ ಆದ ಚಿತ್ರಗಳನ್ನು ಮೂಲ ಸಿಗುವವರೆಗೆ ಒಳಗೆ ಬಿಡಬೇಡಿ.

ಇನ್ನು ಹಾಡು, ಘೋಷಣೆಗಳ ವಿಷಯ. ಇದರಲ್ಲಿ ರಿಯಾಯಿತಿ ಬೇಡ. ಲಿವರ್‌ಪೂಲ್ ನಗರ ಕನ್ಸರ್ವೇಟಿವ್ ವಿರೋಧಿಯಾಗಿರುವುದಕ್ಕೆ ದಶಕಗಳ ನಿರುದ್ಯೋಗವೂ ಕಾರಣ, ಹಿಲ್ಸ್‌ಬರೋ ಮೈದಾನದ ದುರಂತವೂ ಕಾರಣ. 1989ರ ಏಪ್ರಿಲ್ 15ರ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ಅಭಿಮಾನಿಗಳ 97 ಜೀವ ಹೋದವು. ಪೊಲೀಸರು ತಪ್ಪನ್ನು ಅಭಿಮಾನಿಗಳ ಮೇಲೆ ಹೊರಿಸಿದರು, ಒಂದು ಪತ್ರಿಕೆ ಆ ಸುಳ್ಳನ್ನು ಮುಖಪುಟದಲ್ಲಿ ಹಾಕಿತು, ಆ ಊರು ಇಂದಿಗೂ ಆ ಪತ್ರಿಕೆ ಮುಟ್ಟುವುದಿಲ್ಲ. ಅಧಿಕಾರಿಗಳು ಸತ್ಯ ಮುಚ್ಚಿಡದಂತೆ ಮಾಡುವ ಹಿಲ್ಸ್‌ಬರೋ ಕಾನೂನು ಲೇಬರ್ ಪ್ರಣಾಳಿಕೆಯಲ್ಲಿತ್ತು, 2025ರ ಸೆಪ್ಟೆಂಬರ್‌ನಲ್ಲಿ ಮಸೂದೆ ಮಂಡನೆಯಾಯಿತು. ಚುನಾವಣಾ ರಾತ್ರಿ ಲಿವರ್‌ಪೂಲ್ ಅಭಿಮಾನಿಗಳ ರಾಜಕೀಯ ಘೋಷಣೆಗೆ ಉತ್ತರವಾಗಿ ಬಡತನವನ್ನು, ಸಾವನ್ನು ಹಂಗಿಸುವ ಹಾಡುಗಳ ತುಣುಕು ಹರಿದಾಡುತ್ತವೆ. ತಮ್ಮ ಆಟಗಾರರನ್ನು ಕಳೆದುಕೊಂಡ 1958ರ ಮ್ಯೂನಿಕ್ ವಿಮಾನ ದುರಂತವನ್ನು ಹಿಡಿದು ಯುನೈಟೆಡ್‌ನವರನ್ನು ಚುಚ್ಚುವುದೂ ಅಷ್ಟೇ ಹೀನ. ಇಂಗ್ಲೆಂಡಿನಲ್ಲಿ ಇಂಥ ಹಾಡಿಗೆ ಮೈದಾನ ಪ್ರವೇಶ ನಿಷೇಧವಿದೆ, ಬಂಧನವೂ ಆಗಿದೆ. ನಮ್ಮ ಗುಂಪಿನಲ್ಲಿ ಕಂಡರೆ ಅಳಿಸಿ, ಹಾಕಿದವರಿಗೆ ಖಾಸಗಿಯಾಗಿ ಕಾರಣ ತಿಳಿಸಿ. ಹೆಚ್ಚಿನವರಿಗೆ ಅದರ ಅರ್ಥವೇ ಗೊತ್ತಿರುವುದಿಲ್ಲ. ಸದಸ್ಯರ ಪೋಸ್ಟಿಗೆ ಅಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ, ಆದರೆ ಅಳಿಸುವ ಗುಂಡಿ ಇರುವುದು ಅಡ್ಮಿನ್ ಕೈಯಲ್ಲೇ.

ಶುಕ್ರವಾರ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು ಅಂತ ಅಂತಿಮ ಸಂಖ್ಯೆ ಹಾಕಬೇಡಿ. 2024ರಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್, ಸ್ಕೈ ಅಂಡ್ ವೆಸ್ಟ್ ರಾಸ್‌ಷೈರ್ ಕ್ಷೇತ್ರದಲ್ಲಿ ಲೆಕ್ಕ ತಾಳೆಯಾಗದೆ ಮರುಎಣಿಕೆ ಶನಿವಾರಕ್ಕೆ ಹೋಯಿತು. ಆ ಶನಿವಾರ ಜುಲೈ 6, ಯೂರೋ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡಿಗೆ ಸ್ವಿಟ್ಜರ್ಲೆಂಡ್ ಎದುರಾಳಿ, ನಮ್ಮ ರಾತ್ರಿ 9:30ಕ್ಕೆ ಪಂದ್ಯ. 650ನೆಯ ಕ್ಷೇತ್ರ ಘೋಷಣೆಯಾದ ಮೇಲೆ ಚುನಾವಣೆಯ ಪಿನ್ ತೆಗೆದು, ಆಡುವ ಹನ್ನೊಂದರ ಪಟ್ಟಿಯನ್ನು ಪಿನ್ ಮಾಡಿ.